ಆರು ಬೀರು, ಒಂದು ಖಾಯಂ

ಅರುಣ್‌ಕುಮಾರನ ಕಂಪ್ಯೂಟರಿನಲ್ಲಿ ಗುಂಡು ಮೂಗಿನ ಒಬ್ಬ ಕುಳ್ಳ ಇದ್ದ. ಕುಳ್ಳನಿಗೆ ಇದ್ದ ಕೆಲಸ ಒಂದೇ. ಕೋಣೆಯಲ್ಲಿರುವ ಡಬ್ಬಗಳನ್ನು ತಳ್ಳಿಕೊಂಡು ಹೋಗಿ ಗುರುತು ಹಾಕಿದ ಜಾಗಗಳಲ್ಲಿ ನಿಲ್ಲಿಸುವುದು. ತಳ್ಳಬಹುದು, ಎಳೆಯುವಂತಿಲ್ಲ. ಡಬ್ಬ ತಪ್ಪು ಮೂಲೆ ಸೇರಿತೋ, ಮುಗಿಯಿತು. ಆಗ ಕುಳ್ಳ ಅದರ ಮೇಲೆ ಹತ್ತಿ ಕುಳಿತು ಆಕಳಿಸುತ್ತಿದ್ದ, ಬೆನ್ನು ಕೆರೆದುಕೊಳ್ಳುತ್ತಿದ್ದ, ಆಡುತ್ತಿರುವವನ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ಆಟದಲ್ಲಿ ಇದ್ದದ್ದೇ ಹನ್ನೆರಡು ಕೋಣೆ. ಸಿ.ಡಿ. ಕೊಟ್ಟ ಹಾಸನದ ಅಂಗಡಿಯವನು ತನ್ನ ಮಗಳು ಅದನ್ನು ಒಂದು ಭಾನುವಾರ ಮಧ್ಯಾಹ್ನ ಮುಗಿಸಿದಳು ಎಂದಿದ್ದ. ಮಗಳು ಐದನೇ ಕ್ಲಾಸು. ಬಿ.ಕಾಂ. ಪಾಸಾದ ಅರುಣ್‌ಕುಮಾರ ಒಂಬತ್ತನೇ ಕೋಣೆಗೆ ಬಂದು ನಲವತ್ತು ದಿನ ಆಗಿತ್ತು.

ಅವನು ಹೊಳೆನರಸೀಪುರದ ಕೊಬ್ಬರಿ ಬೆಳೆಗಾರರ ಸೊಸೈಟಿಯೊಂದರಲ್ಲಿ ಆರು ವರ್ಷದಿಂದ ಟೆಂಪೊರರಿ ಗುಮಾಸ್ತ. ಹೋದ ವರ್ಷ ಕಂಪ್ಯೂಟರ್ ಬಂದ ದಿನ ಅದಕ್ಕೆ ಕುಂಕುಮ ಹಚ್ಚಲು ಧೈರ್ಯ ಮಾಡಿದವನು ಅವನೊಬ್ಬನೇ. ಆದ್ದರಿಂದ ಅವನೇ ಕಂಪ್ಯೂಟರ್ ಸೆಕ್ಷನ್ ಆದ. ಸೊಸೈಟಿಯ ಕೆಲಸವೆಲ್ಲ ಮೊದಲಿನ ಹಾಗೆ ದಪ್ಪ ಪುಸ್ತಕಗಳಲ್ಲೇ ನಡೆಯುತ್ತಿತ್ತು. ಕಂಪ್ಯೂಟರ್‌ಗೆ ಬಟ್ಟೆಯ ಹೊದಿಕೆ, ಏರ್ ಫ್ರೆಶ್‌ನರ್, ಒಂದು ತಿರುಗುವ ಕುರ್ಚಿ, ಕುರ್ಚಿಯ ಮೇಲೆ ಅರುಣ್‌ಕುಮಾರ. ಇಷ್ಟನ್ನು ಊರಿನವರು ಪ್ರಗತಿ ಎನ್ನುತ್ತಿದ್ದರು.

ಅವತ್ತು 2003ರ ಜೂನ್ ತಿಂಗಳ ಕೊನೆಯ ಗುರುವಾರ. ಸೋಮವಾರದಿಂದ ಆಷಾಢ. ಚನ್ನರಾಯಪಟ್ಟಣದ ನಿವೃತ್ತ ಮೇಷ್ಟ್ರು ರಂಗಸ್ವಾಮಿಯವರು ತಮ್ಮ ಮಗಳು ಅನುಶ್ರೀಯನ್ನು ಅರುಣ್‌ಕುಮಾರನಿಗೆ ಕೊಡಲು ಒಪ್ಪಿದ್ದರು, ಕೆಲಸ ಖಾಯಂ ಆದರೆ ಮಾತ್ರ. ಆಷಾಢದಲ್ಲಿ ತಾಂಬೂಲ ಬದಲಾಯಿಸುವಂತಿಲ್ಲ. ಶ್ರಾವಣದವರೆಗೆ ಕಾಯುವ ಮನಸ್ಸು ಮೇಷ್ಟ್ರಿಗೆ ಇರಲಿಲ್ಲ. “ಗುರುವಾರ ಸಾಯಂಕಾಲ ನಾನೇ ಬತ್ತೀನಿ. ಆರ್ಡರ್ ತೋರ್ಸಿ, ಶುಕ್ರವಾರ ತಾಂಬೂಲ. ಇಲ್ದಿದ್ರೆ ಅರಕಲಗೂಡಲ್ಲೊಂದು ಗಂಡು ಅದೆ, ಕರೆಂಟ್ ಆಫೀಸು, ಖಾಯಂ,” ಎಂದು ಹೇಳಿ ಕಳಿಸಿದ್ದರು.

ಸೊಸೈಟಿಗೆ ಒಂದು ಖಾಯಂ ಹುದ್ದೆ ಮಂಜೂರಾಗಿತ್ತು. ಆ ಮಧ್ಯಾಹ್ನ ಒಂದು ಗಂಟೆಗೆ ಡೈರೆಕ್ಟರುಗಳ ಮೀಟಿಂಗಿನಲ್ಲಿ ಹೆಸರು ಬರೆಯಬೇಕಿತ್ತು. ಟೆಂಪೊರರಿ ಇದ್ದವರು ಇಬ್ಬರೇ. ಅರುಣ್‌ಕುಮಾರ ಮತ್ತು ಹದಿನಾಲ್ಕು ವರ್ಷದಿಂದ ಕಸ ಗುಡಿಸುತ್ತಿದ್ದ ಪುಟ್ಟತಾಯಮ್ಮ. ಪುಟ್ಟತಾಯಮ್ಮನನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪುಟ್ಟತಾಯಮ್ಮ ಕೂಡ.

ಇಂಥ ದಿನ ಬೆಳಿಗ್ಗೆ ಹತ್ತು ಗಂಟೆಗೆ ಯಾರೇ ಆದರೂ ದೇವರಿಗೆ ಕೈ ಮುಗಿಯುತ್ತಾರೆ, ಇಲ್ಲವೇ ಅರ್ಜಿಯನ್ನು ಇನ್ನೊಂದು ಸಲ ಓದುತ್ತಾರೆ. ಅರುಣ್‌ಕುಮಾರ ಡಬ್ಬ ತಳ್ಳುತ್ತಿದ್ದ. ಅಧ್ಯಕ್ಷ ಕೆಂಪಣ್ಣನವರು ಬಂದರೆ ಅವರ ಬುಲೆಟ್ಟಿನ ಸದ್ದು ಪೇಟೆ ಬೀದಿಯಿಂದಲೇ ಕೇಳುತ್ತದೆ, ಆಟ ಮುಚ್ಚಲು ಬೇಕಾದಷ್ಟು ಸಮಯ ಇರುತ್ತದೆ ಎಂಬುದು ಅವನ ನಂಬಿಕೆ. ಬುಲೆಟ್ ಅವತ್ತು ಪಂಕ್ಚರ್ ಆಗಿತ್ತು. ಕೆಂಪಣ್ಣನವರು ನಡೆದುಕೊಂಡು ಬಂದು ಅವನ ಹಿಂದೆ ನಿಂತರು.

“ಏನ್ಲಾ ಅದು?”

ಅರುಣ್‌ಕುಮಾರ ಎದ್ದ ರಭಸಕ್ಕೆ ಕುರ್ಚಿ ಮೂರು ಸುತ್ತು ತಿರುಗಿತು. ಬಾಗಿಲಲ್ಲಿ ಪೊರಕೆ ಹಿಡಿದು ಪುಟ್ಟತಾಯಮ್ಮ ನಿಂತಿದ್ದಳು. ಹೆದರಿದವನ ಕಣ್ಣು ಯಾವಾಗಲೂ ತನಗಿಂತ ಕೆಳಗಿನವರನ್ನೇ ಮೊದಲು ಹುಡುಕುತ್ತದೆ.

“ನಂದಲ್ಲ ಸಾ! ಪುಟ್ಟತಾಯಮ್ಮ... ಧೂಳು ಒರೆಸ್ತಾ ಏನೋ ಒತ್ಬುಟ್ಟವ್ಳೆ. ಅದು ಏನೋ ಬಂದ್ಬುಟ್ಟದೆ. ನಾನು ಬಂದಾಗ್ಲೇ ಇಂಗೇ ಇತ್ತು ಸಾ.”

“ನೀನೇನಮ್ಮ ಮಾಡ್ದೋಳು?”

ಪುಟ್ಟತಾಯಮ್ಮ ಪರದೆಯನ್ನು ನೋಡಿದಳು. ಅರುಣ್‌ಕುಮಾರನ ಮುಖ ನೋಡಿದಳು. ಅದು ಸುಣ್ಣ ಬಳಿದ ಹಾಗಿತ್ತು. ಅಲ್ಲ ಎಂದರೆ ಹುಡುಗನ ಕತೆ ಇವತ್ತಿಗೆ ಮುಗಿಯಿತು ಎಂದು ಅವಳಿಗೆ ಗೊತ್ತಾಯಿತು.

“ಊಂ ಕಣ್ ಗೌಡ್ರೇ, ನಾನೇಯ. ತಪ್ಪಾಯ್ತು.”

“ತಪ್ಪಾ?” ಕೆಂಪಣ್ಣನವರು ಕನ್ನಡಕ ಹಾಕಿಕೊಂಡು ಬಗ್ಗಿದರು. ನಾಲ್ಕು ಗೋಡೆ, ಒಂದು ಬಾಗಿಲು, ಮೇಲಿನ ಬಲಮೂಲೆಯ ಕಡೆ ಗುಂಪಾಗಿ ಆರು ಡಬ್ಬ, ಕೆಳಗಿನ ಎಡಮೂಲೆಯಲ್ಲಿ ಆರು ಗುರುತು. ಅವರು ಅಂಗಿಯ ಜೇಬಿನಿಂದ ಎಲೆಅಡಿಕೆಯ ಜೊತೆ ಒಂದು ಮಡಚಿದ ಕಾಗದ ತೆಗೆದರು. ಕೊಬ್ಬರಿ ರೇಟು ಬಿದ್ದದ್ದಕ್ಕೆ ಕಾರಣ ಹುಡುಕಿಕೊಂಡು ಹಿಂದಿನ ದಿನ ಅವರು ಹಾಸನಕ್ಕೆ ಹೋಗಿದ್ದರು. ಮಾರುಕಟ್ಟೆಗಲ್ಲ, ವಾಸ್ತು ನೋಡುವವನ ಹತ್ತಿರ. ರೆಕಾರ್ಡ್ ರೂಮಿನ ಈಶಾನ್ಯದಲ್ಲಿ ಆರು ಕಬ್ಬಿಣದ ಬೀರು ಕೂತಿರುವುದೇ ಕಾರಣ, ಅವನ್ನು ನೈಋತ್ಯಕ್ಕೆ ಸರಿಸಿದರೆ ರೇಟು ಏರುತ್ತದೆ ಎಂದು ಅವನು ಚಿತ್ರ ಬರೆದುಕೊಟ್ಟಿದ್ದ. ಕೆಂಪಣ್ಣನವರು ಕಾಗದವನ್ನು ಪರದೆಯ ಪಕ್ಕ ಹಿಡಿದರು.

“ಲೇ! ಇದು ನಮ್ ರೆಕಾಲ್ಡ್ ರೂಮು ಕಣ್ಲಾ! ಆರು ಬೀರು! ಈಶಾನ್ಯ, ನೈಋತ್ಯ, ಎಲ್ಲಾ ಅದೆ! ನಾನಿನ್ನೂ ಯಾರ್ಗೂ ಏಳೇ ಇಲ್ಲ. ಸೆಕ್ರೆಟ್ರೀ, ಬನ್ರೀ ಇಲ್ಲಿ!”

ಸೆಕ್ರೆಟರಿ ಸಂಪತ್ಕುಮಾರ್ ನಾಮ ಸರಿ ಮಾಡಿಕೊಳ್ಳುತ್ತ ಬಂದರು. ಅಧ್ಯಕ್ಷರು ಏನು ಹೇಳಿದರೂ ಆಶ್ಚರ್ಯಪಡುವುದು ಅವರ ಇಪ್ಪತ್ತು ವರ್ಷದ ಸರ್ವಿಸ್.

“ಅಬ್ಬಾ! ಹಾಗೇ ಇದೆಯಲ್ಲ ಸರ್. ಸ್ಕೇಲ್ ಸಮೇತ ಇದೆ. ಇದನ್ನ ಪುಟ್ಟತಾಯಮ್ಮ ಮಾಡಿದ್ದಾ?”

“ಅವ್ಳೇ ಅಂತೆ. ಇವ್ನು ಸಾಕ್ಷಿ.”

ಅರುಣ್‌ಕುಮಾರ ಬಾಯಿ ತೆರೆದ. ಸಾ, ಅದು ನನ್ನದೇ ಎಂದರೆ, ಒಂದು ನಿಮಿಷದ ಹಿಂದೆ ಯಾಕೆ ಅಲ್ಲ ಎಂದೆ ಎಂದು ಕೇಳುತ್ತಾರೆ. ಆಟ ಎಂದರೆ ಆರು ವರ್ಷದ ಟೆಂಪೊರರಿಯೂ ಹೋಗುತ್ತದೆ. ಅವನು ಬಾಯಿ ಮುಚ್ಚಿದ.

“ಒಂದೂವರೆಗೆ ರಾಹುಕಾಲ. ಅಷ್ಟರೊಳ್ಗೆ ಬೀರು ಕೂರ್ಬೇಕು, ಮೀಟಿಂಗೂ ಮುಗೀಬೇಕು,” ಎಂದರು ಕೆಂಪಣ್ಣ. “ಹಮಾಲಿಗಳ್ನ ಕರೀರಿ.”

“ಬೈಲಾದಲ್ಲಿ ಇಲ್ಲ ಸರ್. ರೆಕಾರ್ಡ್ ರೂಮ್ ಒಳಗೆ ಸಿಬ್ಬಂದಿ ಮಾತ್ರ.” ಸಂಪತ್ಕುಮಾರ್ ಸೊಂಟ ಹಿಡಿದುಕೊಂಡರು. “ನನಗೆ ಡಿಸ್ಕ್ ಜಾರಿದೆ ಸರ್. ಡಾಕ್ಟರ್ ಪೆನ್ನು ಬಿಟ್ಟು ಏನೂ ಎತ್ತಬೇಡಿ ಅಂದಿದಾರೆ.”

ಉಳಿದವನು ಒಬ್ಬನೇ.

“ಪುಟ್ಟತಾಯಮ್ಮ ಏಳ್ದಂಗೆ ತಳ್ಳು ಕಣ್ಲಾ ಅರುಣ. ಪ್ಲಾನು ಅವ್ಳ್ದು, ರಟ್ಟೆ ನಿಂದು.”

ಪರದೆಯ ಚಿತ್ರವನ್ನು ಪ್ರಿಂಟ್ ತೆಗೆದು ಪುಟ್ಟತಾಯಮ್ಮನ ಕೈಗೆ ಕೊಡಲಾಯಿತು. ಅವಳು ಅದನ್ನು ತಲೆಕೆಳಗಾಗಿ ಹಿಡಿದುಕೊಂಡಳು. ಮೂಲೆಯಲ್ಲಿ ಗುಂಡು ಮೂಗಿನ ಕುಳ್ಳನೂ ಪ್ರಿಂಟ್ ಆಗಿದ್ದ. “ಇದ್ಯಾರು?” ಎಂದು ಕೆಂಪಣ್ಣ ಕೇಳಿದ್ದಕ್ಕೆ ಸಂಪತ್ಕುಮಾರ್ “ವಾಸ್ತುಪುರುಷ ಸರ್” ಎಂದರು. ಕೆಂಪಣ್ಣ ಚಪ್ಪಲಿ ಬಿಟ್ಟು ಕೈ ಮುಗಿದರು.

ರೆಕಾರ್ಡ್ ರೂಮು ಕಡಪಾ ಕಲ್ಲಿನ ನೆಲದ, ಒಂದೇ ಗವಾಕ್ಷಿಯ ಕತ್ತಲೆ ಕೋಣೆ. ಬೀರುಗಳಲ್ಲಿ ಮೂವತ್ತೈದು ವರ್ಷದ ಪುಸ್ತಕಗಳಿದ್ದವು. ಎರಡರ ಬೀಗದ ಕೈ ಕಳೆದು ಎಷ್ಟೋ ಕಾಲವಾಗಿತ್ತು. ಖಾಲಿ ಮಾಡಲು ಹೊತ್ತಿರಲಿಲ್ಲ. ಅರುಣ್‌ಕುಮಾರ ಮೊದಲನೆಯದನ್ನು ಎಳೆಯಲು ಹಿಡಿಗೆ ಕೈ ಹಾಕಿದ. ಹಿಡಿ ಕೈಗೆ ಬಂತು. ಅವನು ಹಿಡಿಯ ಸಮೇತ ಹಿಂದಕ್ಕೆ ಹೋಗಿ ಗೋಡೆಗೆ ಬಡಿದುಕೊಂಡ.

“ಎಳೀಬ್ಯಾಡಿ ಅರುಣಪ್ಪ,” ಎಂದಳು ಪುಟ್ಟತಾಯಮ್ಮ. “ಅವು ಎಳುದ್ರೆ ಬರಾಕಿಲ್ಲ. ತಳ್ಳಿ.”

ಈ ಮಾತನ್ನು ಅವನು ನಲವತ್ತು ದಿನದಿಂದ ಬಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಸಿಟ್ಟು ಬಂತು. ಮೊದಲನೆಯದನ್ನು ತಳ್ಳಿದ. ಬೀರು ಕಲ್ಲಿನ ಮೇಲೆ ಕಿರ್ರೆಂದು ಕಿರುಚಿತು, ಮೂಗುದಾರ ಬಿಗಿದ ಎಮ್ಮೆಯ ಹಾಗೆ. ಮೇಲಿನಿಂದ ಧೂಳು, ಜೇಡರ ಬಲೆ, ಯಾವುದೋ ಕಾಲದ ಇಲಿಯ ಗೂಡು ಎಲ್ಲ ಅವನ ತಲೆಗೆ ಅಭಿಷೇಕವಾಯಿತು. ಮೀಟಿಂಗಿಗೆಂದು ಇಸ್ತ್ರಿ ಮಾಡಿಸಿದ ಅಂಗಿಯನ್ನು ಅವನು ಬಿಚ್ಚಿ ಗೂಟಕ್ಕೆ ಹಾಕಿದ. ಬನಿಯನ್ನಿನಲ್ಲಿ ನಿಂತ.

“ಎಡಕ್ಕೆ ವಸಿ. ಅಲ್ಲಿ ಕಲ್ಲು ಕುಸ್ದದೆ, ಕಾಲು ಇಳ್ದೋಯ್ತದೆ.”

“ನಂಗೊತ್ತು ಸುಮ್ನಿರಮ್ಮ,” ಎಂದ ಅರುಣ್‌ಕುಮಾರ. ಬಲಕ್ಕೇ ತಳ್ಳಿದ. ಬೀರಿನ ಕಾಲು ಕುಸಿದ ಕಲ್ಲಿಗೆ ಇಳಿಯಿತು. ಅದನ್ನು ಮೇಲೆತ್ತಲು ಅರ್ಧ ಗಂಟೆ ಹಿಡಿಯಿತು. ಎತ್ತಿದವಳು ಪುಟ್ಟತಾಯಮ್ಮ. ಗಡಾರಿ ತಂದು ಮೀಟಿದಳು.

ಎರಡನೆಯದರಲ್ಲಿ ಅವನು ತನ್ನ ಅನುಭವವನ್ನೆಲ್ಲ ಸುರಿದ. ಅದು ನಲವತ್ತು ದಿನ ಸೋತವನ ಅನುಭವ. ಒಂಬತ್ತನೇ ಕೋಣೆಯಲ್ಲಿ ದಿನವೂ ಯಾವ ತಪ್ಪು ಮಾಡುತ್ತಿದ್ದನೋ ಅದನ್ನೇ ಮಾಡಿದ. ಬೀರು ಹೋಗಿ ಬಾಗಿಲ ಪಕ್ಕದ ಮೂಲೆಯಲ್ಲಿ ಕೂತಿತು. ಉಳಿದ ನಾಲ್ಕಕ್ಕೆ ದಾರಿ ಕಟ್ಟಿತು. ಸಂಪತ್ಕುಮಾರ್ ಬಾಗಿಲಿಂದ ಇಣುಕಿದರು.

“ಕಂಪ್ಯೂಟರಿನಲ್ಲಿ ಹಿಂದಕ್ಕೆ ಹೋಗೋ ಬಟನ್ ಇರತ್ತಂತಲ್ಲ ಕಣ್ರೀ. ಅದನ್ನ ಒತ್ತಿ ನೋಡಿ.”

“ಒತ್ತುದ್ರೆ ಬೀರು ಬತ್ತದಾ ಸಾ?”

“ಪ್ರಯತ್ನ ಮಾಡೋದರಲ್ಲಿ ತಪ್ಪೇನಿದೆ.”

ಹತ್ತಿರದ ಹಳ್ಳಿಗಳ ಡೈರೆಕ್ಟರುಗಳು ಒಬ್ಬೊಬ್ಬರಾಗಿ ಬರತೊಡಗಿದರು. ಹಳ್ಳಿಮೈಸೂರಿನ ಕಡೆಯಿಂದ ಮೂವರು, ಊರಿನವರು ಇಬ್ಬರು. ಎಲ್ಲರೂ ಬಾಗಿಲಲ್ಲಿ ನಿಂತು ಎಲೆ ಅಡಿಕೆ ಹಾಕಿಕೊಂಡು ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಒಳಗೆ ಬಂದು ಒಂದು ಬೆರಳು ಮುಟ್ಟಿಸಿದವರಿಲ್ಲ. ಅವರ ಕಣ್ಣಿಗೆ ಬಿದ್ದದ್ದು ಇಷ್ಟು. ಕೈಯಲ್ಲಿ ಕಂಪ್ಯೂಟರ್ ಕಾಗದ ಹಿಡಿದು ಅಪ್ಪಣೆ ಕೊಡುತ್ತಿರುವ ಒಬ್ಬ ಹೆಂಗಸು. ಮಸಿ ಮೆತ್ತಿಕೊಂಡು ಬೀರಿಗೆ ಹೆಗಲು ಕೊಟ್ಟಿರುವ ಒಬ್ಬ ಆಳು. ಹದಿನಾಲ್ಕು ವರ್ಷ ತಮ್ಮ ಕಾಲಡಿ ಗುಡಿಸಿದವಳ ಮುಖವನ್ನು ಅವರಲ್ಲಿ ಯಾರೂ ನೋಡಿಯೇ ಇರಲಿಲ್ಲ.

“ಅಮ್ಮಾರು ಬೆಂಗ್ಳೂರ್‌ನೋರಾ?” ಎಂದು ಒಬ್ಬ ಡೈರೆಕ್ಟರ್ ಪಿಸುಗುಟ್ಟಿದ.

“ಯಾರೋ ದೊಡ್ಡೋರೇ ಇರ್ಬೇಕು. ಎಷ್ಟ್ ಸಿಂಪಲ್ಲಾಗವ್ರೆ ನೋಡು.”

ಪುಟ್ಟತಾಯಮ್ಮ ಕಾಗದವನ್ನು ಎರಡನೇ ಸಲ ನೋಡಿರಲಿಲ್ಲ. ಅವಳಿಗೆ ಅದರ ಅಗತ್ಯವಿರಲಿಲ್ಲ. ಹದಿನಾಲ್ಕು ವರ್ಷ ಆ ಕೋಣೆಯನ್ನು ಮಂಡಿಯೂರಿ ಒರೆಸಿದವಳು. ಯಾವ ಬೀರಿಗೆ ಕಾಲು ಕುಂಟು, ಯಾವ ಕಲ್ಲು ನುಣುಪು, ಯಾವುದರ ಅಡಿ ಪೊರಕೆ ತೂರುತ್ತದೆ, ಎಲ್ಲ ಅವಳ ಅಂಗೈಗೆ ಗೊತ್ತು. ಗೋದಾಮಿಗೆ ಹೋಗಿ ಒಂದು ಚೊಂಬು ಕೊಬ್ಬರಿ ಎಣ್ಣೆ ತಂದು ಮೂಲೆಯ ಬೀರಿನ ಅಡಿ ಸುರಿದಳು. ಗೋಡೆ ಮತ್ತು ಬೀರಿನ ನಡುವೆ ಗಡಾರಿ ತೂರಿಸಿದಳು.

“ಈಗ ತೊಟ್ಲು ತೂಗ್ದಂಗೆ ತೂಗಿ ಅರುಣಪ್ಪ. ಅಂಗೇ... ನಿಮ್ ಮದ್ವೆ ಆದ್ಮ್ಯಾಲೆ ಬೇಕಾಯ್ತದೆ, ಕಲ್ತ್ಕಳಿ.”

ಡೈರೆಕ್ಟರುಗಳು ನಕ್ಕರು. ಬೀರು ಕದಲಿತು. ಮೂಲೆಯಿಂದ ಈಚೆಗೆ ಬಂತು. ಅರುಣ್‌ಕುಮಾರನಿಗೆ ಸಂತೋಷವಾಗಬೇಕಿತ್ತು. ಅವಮಾನವಾಯಿತು. ಎಣ್ಣೆಯ ಮೇಲೆ ಕಾಲಿಟ್ಟು ಜಾರಿದ. ಪ್ಯಾಂಟು ಹಿಂದುಗಡೆ ಉದ್ದಕ್ಕೆ ಹರಿಯಿತು. ಕೆಂಪಣ್ಣನವರು ತಮ್ಮ ಹೆಗಲ ಮೇಲಿನ ಟವಲನ್ನು ಎಸೆದರು. ಅವನು ಅದನ್ನು ಸೊಂಟಕ್ಕೆ ಸುತ್ತಿಕೊಂಡ.

ಹನ್ನೆರಡೂವರೆಗೆ ನೀರು ಕುಡಿಯಲು ಅವನು ಜಗಲಿಗೆ ಬಂದ. ಬೆಂಚಿನ ಮೇಲೆ ಬಿಳಿ ಪಂಚೆಯ ರಂಗಸ್ವಾಮಿ ಮೇಷ್ಟ್ರು ಕುಳಿತಿದ್ದರು. ಸಾಯಂಕಾಲ ಬರುತ್ತೇನೆ ಎಂದಿದ್ದವರು ಸಿಕ್ಕ ಬಸ್ಸು ಹತ್ತಿ ಮಧ್ಯಾಹ್ನವೇ ಬಂದಿದ್ದರು. ಹೆಣ್ಣು ನೋಡಲು ಬಂದಾಗ ಪೌಡರ್ ಹಾಕಿಕೊಂಡಿದ್ದ ಹುಡುಗನನ್ನು ಅವರು ಕಂಡಿದ್ದರು. ಮಸಿ ಮೆತ್ತಿದ, ಟವಲು ಸುತ್ತಿದ, ತಲೆಯಲ್ಲಿ ಇಲಿಗೂಡಿನ ಹುಲ್ಲಿದ್ದ ಇವನನ್ನು ಕಂಡಿರಲಿಲ್ಲ.

“ತಮ್ಮಾ, ಇಲ್ಲಿ ಕಂಪ್ಯೂಟರ್ ಅರುಣ್‌ಕುಮಾರ್ ಅಂತ ಎಲ್ಲವ್ರೆ?”

“ಒಳ್ಗವ್ರೆ ಸಾ,” ಎಂದ ಅರುಣ್‌ಕುಮಾರ, ದನಿ ಬದಲಾಯಿಸಿ. “ಬೋ ದೊಡ್ಡ ಮೀಟಿಂಗು. ಯಾರ್ನೂ ಬಿಡಾಕಿಲ್ಲ.”

“ಒಳ್ಳೇದು, ಒಳ್ಳೇದು. ಕಾಯ್ತೀನಿ. ಒಂದ್ ಲೋಟ ನೀರು ಕೊಡಪ್ಪ.”

ಅವನು ಮಾವನಾಗುವವರಿಗೆ ನೀರು ಕೊಟ್ಟ. ಮೇಷ್ಟ್ರು ಲೋಟ ತುಟಿಗೆ ತಾಕಿಸದೆ ಎತ್ತಿ ಸುರಿದುಕೊಂಡು ಕುಡಿದರು.

ಮೂರು, ನಾಲ್ಕು, ಐದು. ಈಗ ಅವನು ಪುಟ್ಟತಾಯಮ್ಮ ಹೇಳಿದಂತೆಯೇ ತಳ್ಳಿದ. ಹೇಳಿದಂತೆ ತಳ್ಳಿದರೆ ಬೀರು ಹೋಗಿ ಹೇಳಿದ ಜಾಗದಲ್ಲೇ ನಿಲ್ಲುತ್ತಿತ್ತು. ಇದನ್ನಂತೂ ಅವನಿಗೆ ಸಹಿಸಲಾಗಲಿಲ್ಲ. ಒಂದು ಗಂಟೆ ಹತ್ತು ನಿಮಿಷಕ್ಕೆ ಆರನೆಯದೂ ನೈಋತ್ಯ ಸೇರಿತು. ಕೆಂಪಣ್ಣನವರು ಕರ್ಪೂರ ಹಚ್ಚಿದರು. ಡೈರೆಕ್ಟರುಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಪುಟ್ಟತಾಯಮ್ಮನ ಕಡೆಗೆ ತಿರುಗಿತ್ತು.

ರಾಹುಕಾಲಕ್ಕೆ ಇಪ್ಪತ್ತು ನಿಮಿಷ ಉಳಿದಿದ್ದರಿಂದ ಮೀಟಿಂಗನ್ನು ರೆಕಾರ್ಡ್ ರೂಮಿನ ಬಾಗಿಲಲ್ಲೇ ನಿಂತು ನಡೆಸಲಾಯಿತು. ಬೇರೆ ವಿಷಯಗಳು ಒಂದೂವರೆ ನಿಮಿಷದಲ್ಲಿ ಪಾಸಾದವು. ಸಂಪತ್ಕುಮಾರ್ ನಡಾವಳಿ ಪುಸ್ತಕ ತೆರೆದರು. ಖಾಯಂ ಹುದ್ದೆಯ ಎದುರು ಹೆಸರಿನ ಜಾಗ ಖಾಲಿ ಇತ್ತು. ಹುದ್ದೆ ಯಾವುದು ಎಂಬ ಜಾಗವೂ ಖಾಲಿ ಇತ್ತು. ಅಧ್ಯಕ್ಷರ ಮನಸ್ಸು ತಿಳಿಯುವ ಮೊದಲು ಸಂಪತ್ಕುಮಾರ್ ಏನನ್ನೂ ತುಂಬುವವರಲ್ಲ.

“ಇದ್ರಾಗೆ ಮಾತೇನದೆ,” ಎಂದರು ಕೆಂಪಣ್ಣ. “ಪುಟ್ಟತಾಯಮ್ಮ. ಬರ್ಕಳಿ.”

“ಸಾ!” ಅರುಣ್‌ಕುಮಾರನ ದನಿ ಒಡೆಯಿತು. “ಅದು ಪ್ಲಾನಲ್ಲ ಸಾ! ಅದು ಗೇಮು! ಆಟ! ನಾನೇ ಆಡ್ತಿದ್ದಿದ್ದು! ಆ ಯಮ್ಮಂಗೆ ಕಂಪ್ಯೂಟರ್ ಆನ್ ಮಾಡಕ್ಕೂ ಬರಲ್ಲ!”

ಹಳ್ಳಿಮೈಸೂರಿನ ಕಡೆಯ ಒಬ್ಬ ಡೈರೆಕ್ಟರ್ ತಲೆಯಾಡಿಸಿದ.

“ನೋಡ್ದಾ ಕೆಂಪಣ್ಣ, ಒಟ್ಟೆಕಿಚ್ಚು. ಒಂದ್ ಎಣ್ಣೆಂಗ್ಸು ಮ್ಯಾಲ್ ಬತ್ತಾಳೆ ಅಂದ್ರೆ ತಡ್ಕಳಾಕಾಗಲ್ಲ ಈ ಉಡುಗ್ರಿಗೆ.”

“ಆಟ ಆಡಿ ಬೀರು ಸರಿಸ್ತಾರೇನ್ಲಾ?” ಎಂದು ಕೆಂಪಣ್ಣ ಗದರಿದರು. “ನೀನೇ ತಾನೆ ಬೆಳಗ್ಗೆ ಅವ್ಳೇ ಮಾಡಿದ್ದು ಅಂದೋನು?”

ಸತ್ಯಕ್ಕೆ ಹೇಳುವ ಹೊತ್ತು ಅಂತ ಒಂದು ಇರುತ್ತದೆ. ಅರುಣ್‌ಕುಮಾರ ಅದನ್ನು ಮೂರು ಗಂಟೆ ತಡಮಾಡಿದ್ದ.

ಆಗ ಸಂಪತ್ಕುಮಾರ್ ಕೆಮ್ಮಿದರು. “ಒಂದು ತೊಡಕು ಸರ್. ಪುಟ್ಟತಾಯಮ್ಮನವರಿಗೆ ಐವತ್ತೇಳು. ಬೈಲಾ ಪ್ರಕಾರ ಐವತ್ತು ದಾಟಿದವರನ್ನ ಖಾಯಂ ಮಾಡೋ ಹಾಗಿಲ್ಲ.” ಪುಟ್ಟತಾಯಮ್ಮನ ಹೆಸರಿನ ಮುಂದೆ ಅವರು ‘ನವರು’ ಸೇರಿಸಿದ್ದನ್ನು ಎಲ್ಲರೂ ಗಮನಿಸಿದರು.

“ನಂಗೆ ಯಾಕ್ ಬುಡಿ ಗೌಡ್ರೇ,” ಎಂದಳು ಪುಟ್ಟತಾಯಮ್ಮ. “ಆ ಉಡ್ಗನ್ನ ಖಾಯಂ ಮಾಡಿ. ಪಾಪ, ಬೆಳಗ್ಗಿಂದ ಬೆವ್ರು ಸುರ್ಸವ್ನೆ. ನಾಳೆ ತಾಂಬೂಲ ಬ್ಯಾರೆ ಅದೆ.”

ಅರುಣ್‌ಕುಮಾರನ ಕಣ್ಣಲ್ಲಿ ನೀರು ಬಂತು. ಗಡಿಯಾರ ಒಂದು ಇಪ್ಪತ್ತು ತೋರಿಸುತ್ತಿತ್ತು. ಕೆಂಪಣ್ಣನವರು ಮೀಸೆ ಸವರಿದರು. ಅವರು ಪುಟ್ಟತಾಯಮ್ಮನನ್ನು ನೋಡಿದರು, ಅವನನ್ನು ನೋಡಿದರು, ಡೈರೆಕ್ಟರುಗಳನ್ನು ನೋಡಿದರು.

“ಅಮ್ಮನ್ ಮಾತು ತೆಗ್ದಾಕಕ್ಕಾಯ್ತದಾ. ಬರ್ಕಳಿ ಸೆಕ್ರೆಟ್ರೀ. ಅರುಣ್‌ಕುಮಾರ, ಇವತ್ತಿಂದ ಖಾಯಂ.”

ಒಂದು ಇಪ್ಪತ್ತೈದಕ್ಕೆ ಎಲ್ಲರ ಸಹಿ ಬಿತ್ತು. ಸೀಲು ಬಿತ್ತು. ಅರುಣ್‌ಕುಮಾರ ಆರ್ಡರನ್ನು ಕಣ್ಣಿಗೊತ್ತಿಕೊಂಡ. ಓದಲಿಲ್ಲ. ಗೂಟದಲ್ಲಿದ್ದ ಅಂಗಿ ಹಾಕಿಕೊಂಡು ಮುಖ ತೊಳೆದು ಜಗಲಿಗೆ ಓಡಿದ. ಪ್ಯಾಂಟಿನ ಹಿಂಭಾಗ ನೆನಪಾಗಿ ಟವಲನ್ನು ಹಾಗೇ ಬಿಟ್ಟುಕೊಂಡಿದ್ದ.

“ನಾನೇ ಸಾ ಅರುಣ್‌ಕುಮಾರ್. ಖಾಯಂ ಆಯ್ತು.”

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. ತಮಗೆ ನೀರು ಕೊಟ್ಟವನ ಟವಲನ್ನು ಗುರುತು ಹಿಡಿದರು. ಕನ್ನಡಕ ಹಾಕಿಕೊಂಡು ಆರ್ಡರ್ ಓದತೊಡಗಿದರು. ಮೂವತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ಓದಿದ ಅಭ್ಯಾಸ. ಪ್ರತಿ ಪದಕ್ಕೂ ಬೆರಳಿಡುತ್ತಿದ್ದರು.

“ಖಾಯಂ... ಸರಿ. ಹುದ್ದೆ... ಜವಾನ. ಕಸ ಗುಡಿಸುವುದು, ನೀರು ತುಂಬುವುದು, ಟೀ ತರುವುದು, ಬೀರು ಮುಂತಾದ ಭಾರದ ವಸ್ತುಗಳನ್ನು ಸ್ಥಳಾಂತರಿಸುವುದು.” ಹಿಂದುಗಡೆ ಬೇರೇನಾದರೂ ಬರೆದಿದೆಯೇ ಎಂದು ಹಾಳೆ ತಿರುಗಿಸಿದರು. ಏನೂ ಇರಲಿಲ್ಲ.

“ಸೆಕ್ರೆಟ್ರಿ ಸಾ!” ಅರುಣ್‌ಕುಮಾರ ಒಳಗೆ ಓಡಿದ. “ಇದೇನ್ ಸಾ ಇದು? ಕಂಪ್ಯೂಟರ್?”

“ಕಂಪ್ಯೂಟರಿಗೆ ಅಮ್ಮನವರು ಇದಾರಲ್ಲ,” ಎಂದರು ಸಂಪತ್ಕುಮಾರ್ ಶಾಂತವಾಗಿ. “ಖಾಯಂಗೆ ವಯಸ್ಸಿನ ತೊಡಕು, ಗೌರವಧನಕ್ಕೆ ಇಲ್ಲ. ಕಂಪ್ಯೂಟರ್ ಸಲಹೆಗಾರರು ಅಂತ ಮಾಡಿದೀವಿ. ಅವರು ಅಲ್ಲಿಗೆ ಹೋದಮೇಲೆ ಕಸಕ್ಕೆ ಒಬ್ಬರು ಬೇಕಲ್ಲಪ್ಪ. ಡೈರೆಕ್ಟರುಗಳೆಲ್ಲ ನಿನ್ನ ಕೆಲಸ ಕಣ್ಣಾರೆ ಕಂಡಿದಾರೆ.”

ಗಾಜಿನ ಬಾಗಿಲ ಆಚೆ ತಿರುಗುವ ಕುರ್ಚಿಯ ಮೇಲೆ ಪುಟ್ಟತಾಯಮ್ಮ ಸಂಕೋಚದಿಂದ ಕುಳಿತಿದ್ದಳು. ಅವಳ ಹಿಂದೆ ಐವರು ಡೈರೆಕ್ಟರುಗಳು ಕೈ ಕಟ್ಟಿ ನಿಂತಿದ್ದರು. ರಂಗಸ್ವಾಮಿ ಮೇಷ್ಟ್ರು ಸಂಪತ್ಕುಮಾರರ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ಆರ್ಡರನ್ನು ನಾಲ್ಕಾಗಿ ಮಡಚಿ ಅರುಣ್‌ಕುಮಾರನ ಕೈಗೆ ಕೊಟ್ಟು, ಚಪ್ಪಲಿ ಕಳಚಿ, ಒಳಗೆ ಹೋಗಿ ಕೈ ಮುಗಿದರು.

“ತಾಯೀ, ತಮ್ಗೆ ಗಂಡ್ಮಕ್ಳು?”

“ಒಬ್ಬ ಅವ್ನೆ ಮೇಷ್ಟ್ರೇ. ಸರ್ಕಾರಿ ಬಸ್ಸಿನ ಡ್ರೈವರು.”

“ಮದ್ವೆ?”

“ಎಲ್ಲಿ ಬಂತು. ತಾಯಿ ಕಸ ಗುಡಿಸ್ತಾಳೆ ಅಂತ ಯಾರೂ ಎಣ್ಣು ಕೊಡ್ತಿರ್ಲಿಲ್ಲ.”

“ಯಾರಂಗಂದೋರು?” ಮೇಷ್ಟ್ರು ಒಂದು ಕುರ್ಚಿ ಎಳೆದುಕೊಂಡು ಕುಳಿತರು. “ಡ್ರೈವರು ಅಂದ್ರಿ. ಖಾಯಮ್ಮಾ?”

“ಓದ್ ಯುಗಾದಿಗೆ ಆಯ್ತು.”

ಕೆಂಪಣ್ಣನವರು ಮೇಷ್ಟ್ರನ್ನು ನೋಡಿದರು, ಪುಟ್ಟತಾಯಮ್ಮನನ್ನು ನೋಡಿದರು. ಗಡಿಯಾರ ನೋಡಿದರು. ರಾಹುಕಾಲಕ್ಕೆ ಇನ್ನೂ ಎರಡು ನಿಮಿಷ ಇತ್ತು. ಬಾಗಿಲ ಕಡೆ ತಿರುಗಿ ಕೂಗಿದರು.

“ಲೇ ಅರುಣಾ, ಬೀಗ್ರಿಗೆ ಟೀ ತತ್ತಾರ್ಲಾ.”

ಅರುಣ್‌ಕುಮಾರ ಫ್ಲಾಸ್ಕ್ ತೆಗೆದುಕೊಂಡ.

“ನಂಗೆ ಸಕ್ರೆ ಕಮ್ಮಿ ಕಣಪ್ಪ,” ಎಂದರು ಮೇಷ್ಟ್ರು, ಹಿಂದೆ ತಿರುಗದೆ.